ಜಪದಕ್ಕನ ಮೊದಲರ್ಧ

ಗಡಿಯಾರದಜ್ಜ ತೀರಿಕೊಂಡ ದಿನ, ಮಟಮಟ ಮಧ್ಯಾಹ್ನ, ಶವಪೆಟ್ಟಿಗೆಯ ತಲೆಯ ಕಡೆ ಸ್ಟೂಲ್ ಹಾಕಿಕೊಂಡು ಕೂತಿದ್ದ ಜಪದಕ್ಕ ಊಟದ ಪ್ರಾರ್ಥನೆ ಹೇಳಿಬಿಟ್ಟರು.

ಹೇಳಬೇಕಾಗಿದ್ದದ್ದು ಅಗಲಿದ ಆತ್ಮಕ್ಕೆ ವಿಶ್ರಾಂತಿ ಕೋರುವ ಪ್ರಾರ್ಥನೆ. ಜಪಮಾಲೆ ಆಗಷ್ಟೇ ಮುಗಿದಿತ್ತು. ಬಾಡಿಗೆ ಕುರ್ಚಿಗಳಲ್ಲಿ ಕೂತವರು, ಗೋಡೆಗೆ ಒರಗಿ ನಿಂತವರು, ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡವರು, ಎಲ್ಲರೂ ತಲೆ ತಗ್ಗಿಸಿ ಕಾಯುತ್ತಿದ್ದರು. ಜಪದಕ್ಕ ಕಣ್ಣು ಮುಚ್ಚಿದರು. ಬೆಳಿಗ್ಗೆ ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಅಲ್ಲಿಂದ ಇನ್ನೊಂದು ಸಾವಿನ ಮನೆಗೆ ಹೋಗಿ, ಅಲ್ಲಿಂದ ನೇರ ಇಲ್ಲಿಗೆ ಬಂದ ಕಣ್ಣುಗಳು ಅವು. ಮುಚ್ಚಿದ್ದೇ ತಡ, ಭಕ್ತಿ ಎಲ್ಲಿ ಮುಗಿದು ಜೋಂಪು ಎಲ್ಲಿ ಶುರುವಾಯಿತೋ ಅವರಿಗೇ ತಿಳಿಯಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು.

"ದೇವರೇ, ನಮ್ಮ ಮುಂದೆ ಇಟ್ಟಿರುವುದನ್ನು ಆಶೀರ್ವದಿಸು. ಇದನ್ನು ಸಿದ್ಧಪಡಿಸಿದ ಕೈಗಳನ್ನು ಆಶೀರ್ವದಿಸು. ಇದಿಲ್ಲದವರಿಗೂ ಇದು ಬೇಗನೆ ದೊರಕುವಂತೆ ಮಾಡು."

ಅರ್ಧ ಜನ ಅಭ್ಯಾಸಬಲದಿಂದ "ಆಮೆನ್" ಅಂದೂಬಿಟ್ಟರು. ಅಂದ ಮೇಲೆ ಅರ್ಥವಾಯಿತು. ಕೊನೆಯ ಮಾತು ತಮ್ಮನ್ನೇ ಕುರಿತದ್ದು ಎಂದು ಹೊಳೆದ ಮುಂದಿನ ಸಾಲಿನ ಹಿರಿಯರಿಬ್ಬರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಕಿವಿ ಮಂದವಾಗಿದ್ದ ಮೇಷ್ಟ್ರೊಬ್ಬರು ಊಟಕ್ಕೆ ಎಬ್ಬಿಸಿದರೆಂದು ತಿಳಿದು ಕೈತೊಳೆಯಲು ಎದ್ದು ಹೊರಟರು.

ಮನೆ ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ಮೂಲೆಯಿಂದ ಒಂದು ಸದ್ದು ಬಂತು. ಬಿಕ್ಕಳಿಕೆ ಅಂದುಕೊಂಡೆವು. ತಿರುಗಿ ನೋಡಿದರೆ ಗಡಿಯಾರದಜ್ಜಿ, ಅಂದರೆ ಪೆಟ್ಟಿಗೆಯಲ್ಲಿದ್ದವರ ಹೆಂಡತಿ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

"ತಿನ್ನೋಕೆ ಅವರಲ್ಲಿ ಏನುಳಿದಿದೆ ಹೇಳೇ," ಅಂದರು ಉಸಿರು ಸಿಕ್ಕಾಗ. "ಬರೀ ಮೂಳೆ."

ಆಮೇಲೆ ಆ ನಗು ಯಾವ ತಿರುವಿನಲ್ಲೋ ದಾರಿ ತಪ್ಪಿ ಅಳುವಾಯಿತು. ಬೆಳಿಗ್ಗೆಯಿಂದ ಒಣಕಣ್ಣಲ್ಲಿ ಬಂದವರಿಗೆಲ್ಲ ಟೀ ಬಂತಾ ಅಂತ ವಿಚಾರಿಸುತ್ತಿದ್ದ ಮುದುಕಿ ಅದು. ಮಕ್ಕಳೆಲ್ಲ ಸುತ್ತುವರಿದರು. ಮನೆಯ ಬಿಗಿ ಸಡಿಲವಾಯಿತು. ಒಟ್ಟಿನಲ್ಲಿ ಆದದ್ದು ಒಳ್ಳೆಯದೇ ಆಯಿತು ಎಂದು ಎಲ್ಲರೂ ಅಂದುಕೊಂಡರು, ಒಬ್ಬರನ್ನು ಬಿಟ್ಟು. ಜಪದಕ್ಕನ ಮುಖ ಅವರೇ ಇಸ್ತ್ರಿ ಹಾಕಿದ ಹೊದಿಕೆಯಷ್ಟು ಬೆಳ್ಳಗಾಗಿತ್ತು. ಎದ್ದು, ಯಾರಿಗೂ ಹೇಳದೆ, ಚಪ್ಪಲಿ ಹುಡುಕಿಕೊಂಡು ಹೊರಟೇಹೋದರು. ಅದರಲ್ಲಿ ಒಂದು ಬೇರೆಯವರದು.

ಈ ಜಪದಕ್ಕ ಯಾರು ಅಂತ ಹೇಳಬೇಕಾದರೆ ಮೊದಲು ಜಪದ ವಿಷಯ ಹೇಳಬೇಕು. ನಾನು ಕಾನ್ವೆಂಟಿನಲ್ಲಿ ಓದಿದವನು. ಸಿಸ್ಟರುಗಳು ಕಲಿಸಿದ ಬೀಜಗಣಿತದಲ್ಲಿ ಒಂದು ಬೀಜವೂ ಮೊಳೆಯಲಿಲ್ಲ. ಕಲಿಸದೆಯೇ ಕಿವಿಗೆ ಬಿದ್ದ ಜಪಮಾಲೆ ಮಾತ್ರ ಇವತ್ತಿಗೂ ಬಾಯಲ್ಲಿದೆ. ಅದರ ವಿಧಾನ ಬಹಳ ಸುಲಭ. ಮಾತೆ ಮರಿಯಳಿಗೆ ಸಲ್ಲಿಸುವ ಒಂದು ಪುಟ್ಟ ಪ್ರಾರ್ಥನೆಯನ್ನು ಮಣಿಗೊಂದರಂತೆ ಮತ್ತೆ ಮತ್ತೆ ಹೇಳುತ್ತ ಹೋಗುವುದು. ಮೊದಲರ್ಧವನ್ನು ಒಬ್ಬರು ಹೇಳಿಕೊಡುತ್ತಾರೆ. ಆ ಅರ್ಧದಲ್ಲಿ ತಾಯಿಗೆ ನಮಸ್ಕಾರವಿದೆ, ಅವಳ ಒಡಲ ಕೂಸಿನ ಮಾತಿದೆ. ಎರಡನೆಯ ಅರ್ಧವನ್ನು ಉಳಿದವರೆಲ್ಲ ಒಟ್ಟಾಗಿ ಹೇಳುತ್ತಾರೆ. ನಮಗಾಗಿ ಬೇಡಿಕೋ ತಾಯಿ, ಈಗಲೂ, ನಾವು ಸಾಯುವ ಗಳಿಗೆಯಲ್ಲೂ ಎನ್ನುವ ಅರ್ಥ ಅದಕ್ಕೆ. ಅಂದರೆ ಮೊದಲರ್ಧದಲ್ಲಿ ಹುಟ್ಟು, ಎರಡನೆಯದರಲ್ಲಿ ಸಾವು. ನಡುವೆ ಉಸಿರು ತೆಗೆದುಕೊಳ್ಳುವಷ್ಟು ಜಾಗ.

ಜಪದಕ್ಕ ಮೊದಲರ್ಧದವರು. ಮದುವೆಯಾಗಿ ಬಂದಾಗ ಅತ್ತೆ ಆ ಕೆಲಸ ಮಾಡುತ್ತಿದ್ದರು. ಅತ್ತೆಯ ಗಂಟಲು ಬಿದ್ದುಹೋದಾಗ ಸೊಸೆಗೆ ಬಂತು, ಬೀಗದ ಕೈ ಬಂದ ಹಾಗೆ. ಅಂದಿನಿಂದ ನಮ್ಮ ಕಡೆ ಯಾರ ಮನೆಯಲ್ಲಿ ಉಸಿರು ನಿಂತರೂ ಮೊದಲು ವೈದ್ಯರನ್ನು, ಆಮೇಲೆ ಜಪದಕ್ಕನನ್ನು ಕರೆಯುತ್ತಾರೆ. ವೈದ್ಯರು ತಡವಾಗಿ ಬಂದರೂ ನಡೆಯುತ್ತದೆ, ಹೇಗೂ ತಡವಾಗಿಯೇ ಕರೆದಿರುತ್ತಾರೆ. ಜಪದಕ್ಕ ಬರುವ ತನಕ ಮಾತ್ರ ಸತ್ತವರಿಗೂ ಸಮಾಧಾನವಿಲ್ಲ. ವಯಸ್ಸಾದವರೂ ಅವರನ್ನು ಅಕ್ಕ ಎಂದೇ ಕರೆಯುವುದು. ಯಾವ ಮನೆಗೆ ಹೋದರೂ ಅವರದು ಒಂದೇ ಜಾಗ, ಪೆಟ್ಟಿಗೆಯ ತಲೆಯ ಕಡೆ. ಬೆನ್ನಿಲ್ಲದ ಸ್ಟೂಲೇ ಆಗಬೇಕು, ಯಾಕೆಂದರೆ ಒರಗಿದರೆ ನಿದ್ದೆ ಬರುತ್ತದೆ. ದವಡೆಯಲ್ಲಿ ಒಂದು ಲವಂಗ. ಮನೆಯೊಳಗೆ ಕಾಲಿಟ್ಟ ಕೂಡಲೇ ಯಾವ ಮಗನಿಗೆ ಯಾವ ಮಗನ ಜೊತೆ ಮಾತಿಲ್ಲ ಎಂಬುದನ್ನು ಮುಖ ನೋಡಿಯೇ ತಿಳಿದುಕೊಂಡು, ಮಾತಿಲ್ಲದವರನ್ನು ಪಕ್ಕಪಕ್ಕ ಮೊಣಕಾಲೂರಿಸುತ್ತಿದ್ದರು. ಎರಡನೆಯ ಅರ್ಧವನ್ನು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಲೇಬೇಕಲ್ಲ. ಎಷ್ಟೋ ಮನೆಗಳ ವ್ಯಾಜ್ಯ ಹಾಗೆ ಹಲ್ಲು ಕಚ್ಚಿಕೊಂಡೇ ಸಡಿಲವಾಗಿದೆ.

ಸಾಂತ್ವನಕ್ಕೆ ಅವರ ಬಳಿ ದೊಡ್ಡ ಭಾಷಣವಿರಲಿಲ್ಲ. "ಇದು ಕೊನೆ ಅಲ್ಲಮ್ಮ. ಮಲಗಿದ್ದಾರೆ. ಏಳೋ ದಿನ ಬರತ್ತೆ, ಮತ್ತೆ ನೋಡ್ತೀರಿ. ಈಗ ಒಂದು ಲೋಟ ನೀರು ಕುಡಿ." ಇಷ್ಟೇ. ಅದೇ ಮಾತನ್ನು ಪುಸ್ತಕ ನೋಡಿ ಹೇಳಿದವರದು ಕಿವಿಗೆ ಬೀಳುತ್ತಿತ್ತು, ಅಷ್ಟೇ. ಇವರು ಹೇಳಿದರೆ ಜನ ನೀರು ಕುಡಿಯುತ್ತಿದ್ದರು.

ಅವರ ಯಜಮಾನರು ಕತ್ತರಿಯಣ್ಣ. ಬೀದಿಯ ತಿರುವಿನಲ್ಲಿ ಒಂದೇ ಕುರ್ಚಿಯ ಕ್ಷೌರದಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ತಲೆ ಕೊಟ್ಟವರೆಲ್ಲ ಕಿವಿಯನ್ನೂ ಕೊಡಬೇಕಾಗುತ್ತಿತ್ತು, ಅಷ್ಟು ಮಾತು. ಸಾವಿನ ಮನೆಯಲ್ಲಿ ಗಂಡಸರ ಗಡ್ಡ ಕೊನೆಯ ಬಾರಿಗೆ ತೆಗೆಯುವುದೂ ಅವರೇ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಹೊರಟರೆ ಬೀದಿಯವರು ಯಾರು, ಯಾರು ಅಂತ ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಯಾರದೋ ಮದುವೆಗೆ ಹೊರಟಾಗ, ಜಡ್ಡಾಗಿ ಮಲಗಿದ್ದ ಎದುರುಮನೆಯವರೊಬ್ಬರು ಕಿಟಕಿಯಿಂದ ಇವರನ್ನು ಕಂಡು "ನಾನಿನ್ನೂ ಇದೀನ್ರೋ!" ಎಂದು ಕೂಗಿಕೊಂಡಿದ್ದರಂತೆ.

"ನಾನು ಮುಖ ಸರಿ ಮಾಡಿ ಕಳಿಸ್ತೀನಿ. ಇವಳು ಮೇಲಿರೋ ಮುಖಂಡರ ಹತ್ತಿರ ಶಿಫಾರಸು ಮಾಡ್ತಾಳೆ," ಎನ್ನುತ್ತಿದ್ದರು ಕತ್ತರಿಯಣ್ಣ. "ಅದೂ ಪೂರ್ತಿ ಮಾಡಲ್ಲ. ಅರ್ಧ ಮಾಡಿ ಇನ್ನರ್ಧ ಊರಿನವರ ಕೈಲಿ ಮಾಡಿಸ್ತಾಳೆ. ಮನೇಲೂ ಹಂಗೇ. ಜಗಳ ಶುರು ಮಾಡೋದು ಇವಳು, ಮುಗಿಸೋ ಕೆಲಸ ನಂದು."

"ಮುಗಿಸಿದ್ದು ಯಾವತ್ತು? ಮುಚ್ಚಿಟ್ಟಿದ್ದೀರಿ," ಎನ್ನುತ್ತಿದ್ದರು ಜಪದಕ್ಕ ಒಳಗಿಂದ.

ಕತ್ತರಿಯಣ್ಣ ತೀರಿಹೋದದ್ದು ಅಂಗಡಿಯಲ್ಲೇ. ಕೈಯಲ್ಲಿ ಕತ್ತಿ ಹಿಡಿದು, ಯಾವುದೋ ಮಾತಿನ ನಡುವೆ, ತಾಳು ಅಂತ ಸನ್ನೆ ಮಾಡಿ, ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಹಾಗೇ ಲಾಂಡ್ರಿಗೆ ಓಡಿಬಂದ. ಆ ನೊರೆಮುಖ ಕಂಡು ಅಲ್ಲಿದ್ದ ಹೆಂಗಸರು ನಕ್ಕರು. ಮೊದಲು ನಕ್ಕವರು ಜಪದಕ್ಕನೇ.

ಅವತ್ತು ನಾನೂ ಆ ಮನೆಯಲ್ಲಿದ್ದೆ. ಪೆಟ್ಟಿಗೆ ಬಂತು, ಜನ ತುಂಬಿದರು, ಮೇಣದಬತ್ತಿ ಹಚ್ಚಿದ್ದಾಯಿತು. ಆಮೇಲೆ ಎಲ್ಲರೂ ಸುಮ್ಮನಾದರು. ಯಾವ ಸಾವಿನ ಮನೆಯಲ್ಲೂ ಬರುವ ಮೌನವೇ ಅದು, ಜಪ ಶುರುವಾಗುವ ಮುಂಚಿನದು. ಶುರು ಮಾಡಬೇಕಾದವರು ಗಂಡನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಆದರೂ ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅವರ ಕಡೆ ತಿರುಗಿದವು. ಯಾರೋ ಪುಣ್ಯಾತ್ಮರು ಅಡುಗೆಮನೆಯಿಂದ ಸ್ಟೂಲ್ ತಂದು ಪೆಟ್ಟಿಗೆಯ ತಲೆಯ ಕಡೆ ಇಟ್ಟರು. "ಅಕ್ಕಾ, ಶುರು ಮಾಡೋಣ್ವಾ?"

ಜಪದಕ್ಕ ಎದ್ದು ಸ್ಟೂಲಿನ ಮೇಲೆ ಕೂತರು. ಶುರು ಮಾಡಿದರು. ಸಂಜೆಯವರೆಗೂ, ಜನ ಬಂದಷ್ಟೂ ಸಲ, ಸ್ವರ ಒಂದಿಷ್ಟೂ ಕದಲದೆ ಹೇಳಿದರು. ಸಮಾಧಿಯ ಬಳಿ ಫಾದರ್ ತಮ್ಮ ಪ್ರಸಂಗದಲ್ಲಿ ಅದನ್ನೇ ಎತ್ತಿಕೊಂಡರು. ಹೊಸದಾಗಿ ಬಂದ ಎಳೆ ವಯಸ್ಸಿನ ಫಾದರ್, ಮನಸ್ಸು ಬೆಣ್ಣೆ, ನಾಲಿಗೆ ಧ್ವನಿವರ್ಧಕ. "ಈ ತಾಯಿಯನ್ನು ನೋಡಿ. ಒಂದು ಹನಿ ಕಣ್ಣೀರಿಲ್ಲ. ಪುನರುತ್ಥಾನದಲ್ಲಿ ನಂಬಿಕೆ ಅಂದರೆ ಇದು!" ಜನ ತಲೆದೂಗಿದರು. ಜಪದಕ್ಕ ನೆಲ ನೋಡಿದರು. ಅವರ ಒಬ್ಬಳೇ ಮಗಳು, ಬೇಕರಿಯಲ್ಲಿ ಕೆಲಸ ಮಾಡುವವಳು, ತಾಯಿಯನ್ನು ನೋಡಿದಳು. ಆ ನೋಟದಲ್ಲಿ ತಲೆದೂಗುವಂಥದ್ದು ಏನೂ ಇರಲಿಲ್ಲ.

ಮಣ್ಣು ಒಣಗುವ ಮೊದಲೇ ಇನ್ನೊಂದು ಮನೆಯಿಂದ ಕರೆ ಬಂತು. ಜಪದಕ್ಕ ಹೋದರು. ಗಂಡ ಸತ್ತ ದುಃಖದಲ್ಲಿದ್ದಾರೆ, ಬೇಡ ಅಂತ ಒಬ್ಬರಾದರೂ ಅನ್ನಬಹುದಿತ್ತು. ಆದರೆ ನಂಬಿಕೆಯ ಬಂಡೆ ಎಂದು ಫಾದರೇ ಮುದ್ರೆ ಒತ್ತಿದ ಮೇಲೆ ಬಂಡೆಗೆ ಸುಸ್ತಾಗುತ್ತದೆ ಅಂತ ಯಾರು ತಿಳಿಯುತ್ತಾರೆ? ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನಡೆಯಿತು. ಹಗಲು ಲಾಂಡ್ರಿ, ಕರೆದಾಗ ಜಪ, ಮನೆಗೆ ಬಂದರೆ ಮಾತಾಡದ ಮಗಳು. ಆ ಮಗಳು ಕೊನೆಗೊಂದು ದಿನ ಬಾಯಿ ಬಿಟ್ಟಳಂತೆ. "ಊರಲ್ಲಿ ಯಾರು ಸತ್ತಾಗ ಹೇಗಿರ್ತೀಯೋ ಅಪ್ಪ ಸತ್ತಾಗಲೂ ಹಂಗೇ ಇದ್ದೆ. ಅವರೂ ನಿನಗೆ ಒಂದು ಮನೆ, ಅಷ್ಟೇ." ಆ ಮಾತನ್ನೂ ಆ ದಣಿವನ್ನೂ ಹೊತ್ತುಕೊಂಡೇ ಜಪದಕ್ಕ ಗಡಿಯಾರದಜ್ಜನ ಮನೆಗೆ ಹೋಗಿದ್ದು, ಅಲ್ಲಿ ದೇವರಿಗೆ ಅಜ್ಜನನ್ನು ಬಡಿಸಿದ್ದು.

ಅದಾದ ಮುಂದಿನ ವಾರ ಗಡಿಯಾರದಜ್ಜಿ ಕೈಯಲ್ಲಿ ಒಂದು ಚಪ್ಪಲಿ ಹಿಡಿದುಕೊಂಡು ಲಾಂಡ್ರಿಗೆ ಬಂದರು. ನಾನು ನನ್ನ ಅಂಗಿಗಳಿಗಾಗಿ ಅಲ್ಲೇ ಕಾಯುತ್ತಿದ್ದೆ. ಒಳಗೆ ಬಿಸಿ ಹಬೆ, ಒದ್ದೆ ಹತ್ತಿಯ ವಾಸನೆ. ಉದ್ದನೆಯ ಮೇಜಿನ ಆ ತುದಿಯಲ್ಲಿ ಮಡಿಸದ ಹೊದಿಕೆಗಳ ಗುಡ್ಡ, ಈ ತುದಿಯಲ್ಲಿ ಮಡಿಸಿದ್ದರ ಗುಡ್ಡ, ನಡುವೆ ಜಪದಕ್ಕ.

"ಅಯ್ಯೋ, ಅಜ್ಜಿ, ನಾನೇ ಬರಬೇಕಿತ್ತು, ಕ್ಷಮೆ ಕೇಳೋಕೆ," ಎಂದು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

"ಚಪ್ಪಲಿ ಬದಲು ಮಾಡ್ಕೋಬೇಕು ಅಂತ ಬಂದೆ ಕಣೇ, ಕ್ಷಮೆ ಗಿಮೆ ಆಮೇಲೆ," ಅಂದರು ಅಜ್ಜಿ, ಬೆಂಚಿನ ಮೇಲೆ ಕೂರುತ್ತ. "ನೋಡು, ನೀನು ಆ ಎಡವಟ್ಟು ಮಾಡದೆ ಇದ್ದಿದ್ರೆ ನಾನು ಇವತ್ತಿಗೂ ಟೀ ಬಂತಾ, ಟೀ ಬಂತಾ ಅಂತ ಕೇಳ್ಕೊಂಡು ಓಡಾಡ್ತಿದ್ದೆ. ಹೋದವರೂ ನಗ್ತಿದ್ದಿರಬೇಕು. ಜೀವಮಾನದಲ್ಲಿ ಒಂದು ಸಲನೂ ಊಟಕ್ಕೆ ಸರಿಯಾದ ಟೈಮಿಗೆ ಬಂದವರಲ್ಲ, ಅವತ್ತು ಬಂದಿದ್ರು." ಜಪದಕ್ಕನ ಮುಖ ನೋಡಿ ಕೇಳಿದರು. "ನೀನು ಯಾಕೆ ಹಿಂಗೆ ಬತ್ತಿ ಹೋಗಿದ್ದೀಯ?"

ಜಪದಕ್ಕ ಒಂದು ಹೊದಿಕೆ ಹರವಿದರು. ಹರವಿದ್ದನ್ನು ಮತ್ತೆ ಹರವಿದರು.

"ಮುಂದಿನ ಬೀದಿಯ ಕ್ಷೌರದವನು ಬಂದು ನಮ್ಮವರ ಗಡ್ಡ ತೆಗೆದ, ಅವತ್ತು," ಅಂದರು. "ಕತ್ತರಿಯಣ್ಣನಿಗೆ ಇನ್ನು ಯಾರು ಮಾಡ್ತಾರೆ ಅಂತ ಅವನೇ ಪಾಪ ಬಂದ. ಇವರು ಯಾವಾಗ್ಲೂ ಹೇಳೋರು, ಅವನ ಕತ್ತೀಲಿ ಬೆಣ್ಣೆನೂ ಕೊಯ್ಯಲ್ಲ ಅಂತ. ಇವರಿಗೆ ಗದ್ದದ ಕೆಳಗೆ ಒಂದು ಮಚ್ಚೆ ಇತ್ತು, ಅಜ್ಜಿ. ಗಡ್ಡದೊಳಗೆ ಕಾಣ್ತಿರಲಿಲ್ಲ. ಅವನು ಕತ್ತಿ ಅಲ್ಲಿಗೆ ತರ್ತಿದ್ದ. ನಿಧಾನಪ್ಪ, ಅಲ್ಲಿ ಮಚ್ಚೆ ಇದೆ ಅನ್ನಬೇಕು ಅಂತ ನನಗೆ. ನಾನು ಜಪದ ಮಧ್ಯದಲ್ಲಿದ್ದೆ. ಮಧ್ಯದಲ್ಲಿ ನಿಲ್ಲಿಸಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ನಿಲ್ಲಿಸಲಿಲ್ಲ. ಕತ್ತಿ ತಗುಲ್ತು."

ಹಬೆಯ ಕೊಳವೆ ಸುಯ್ ಅಂದಿತು. ನನ್ನ ಅಂಗಿಗಳ ಕಡೆ ಗಮನ ಕೊಡುವುದು ಒಳ್ಳೆಯದು ಅನ್ನಿಸಿತು. ಕಿವಿಗೆ ಅದು ತಿಳಿಯಲಿಲ್ಲ.

"ರಕ್ತ ಏನೂ ಬರಲಿಲ್ಲ," ಅಂದರು ಜಪದಕ್ಕ. "ಬರೋದೂ ಇಲ್ಲ, ಗೊತ್ತು. ಆದ್ರೆ ಅವರ ಹೆಂಡತಿ ಆಗಿದ್ದಿದ್ರೆ ಹೇಳ್ತಿದ್ದೆ. ನಾನು ಜಪದಕ್ಕ ಆಗಿದ್ದೆ. ಎಲ್ಲಾರ ಗಂಡಂದಿರಿಗೂ ಅವರವರ ಹೆಂಡತಿ ಅತ್ತರು. ನಮ್ಮವರಿಗೆ ಮಾತ್ರ ಹೆಂಡತಿ ಬರಲೇ ಇಲ್ಲ."

"ಈಗ ಅಳು."

"ಹಂಗೆಲ್ಲ ಬರತ್ತಾ? ಮತ್ತೆ ನೋಡ್ತೀರಿ, ಮತ್ತೆ ನೋಡ್ತೀರಿ ಅಂತ ಊರಿಗೆಲ್ಲ ಹೇಳಿದವಳು ನಾನೇ ಅತ್ತರೆ ಜನ ಏನಂತಾರೆ? ಇವಳಿಗೇ ನಂಬಿಕೆ ಇಲ್ಲ ಅನ್ನಲ್ವಾ?"

ಗಡಿಯಾರದಜ್ಜಿ ಮೂಗು ಕೆರೆದುಕೊಂಡರು. "ಮಾತೆ ಮರಿಯಳ ಮಗನೇ ಅಳಲಿಲ್ವೇನೇ? ಸತ್ತ ಸ್ನೇಹಿತನ ಗೋರಿ ಮುಂದೆ? ಇನ್ನೊಂದು ಗಳಿಗೇಲಿ ಹೊರಗೆ ಬಾ ಅಂತ ಕರೆದು ಎಬ್ಬಿಸೋನೂ ಅವನೇ. ಏಳ್ತಾನೆ ಅಂತ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ಆದ್ರೂ ಮೊದಲು ಅತ್ತ, ಆಮೇಲೆ ಎಬ್ಬಿಸಿದ."

"ಅವನಿಗೆ ಯಾರೂ ಸ್ಟೂಲ್ ಹಾಕಿ ಜಪ ಶುರು ಮಾಡು ಅನ್ನಲಿಲ್ಲ," ಅಂದರು ಜಪದಕ್ಕ.

ಅಜ್ಜಿ ಕೈಯಲ್ಲಿದ್ದ ಚಪ್ಪಲಿಯನ್ನು ಜಪದಕ್ಕನ ಕಾಲ ಬಳಿ ಇಟ್ಟರು.

ಕತ್ತರಿಯಣ್ಣನ ವರ್ಷದ ಪ್ರಾರ್ಥನೆ ಹತ್ತಿರ ಬರುತ್ತಿತ್ತು. ಆವತ್ತು ಮನೆಯಲ್ಲಿ ಜಪಮಾಲೆ ಹೇಳಿಸಬೇಕು. ಜಪದಕ್ಕ ಮೊದಲ ಬಾರಿಗೆ ಒಂದು ಮಾತು ಹೇಳಿದರು. "ಅವತ್ತು ಶುರು ಮಾಡೋದು ನಾನಲ್ಲ. ನಾನು ಈ ಕಡೆ ಕೂತ್ಕೋತೀನಿ, ಮಗಳ ಪಕ್ಕದಲ್ಲಿ. ಬೇರೆ ಯಾರಾದ್ರೂ ಹೇಳಿಕೊಡಿ." ಇದು ದೊಡ್ಡ ಬೇಡಿಕೆಯೇನಲ್ಲ. ಬೇರೆಯವರನ್ನು ಹುಡುಕಲು ಹೊರಟಾಗ ಮಾತ್ರ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ನಮ್ಮಲ್ಲಿ ಯಾರಿಗೂ ಮೊದಲರ್ಧ ಹೇಳಲು ಬರುತ್ತಿರಲಿಲ್ಲ.

ಮಾತುಗಳು ಗೊತ್ತಿಲ್ಲ ಅಂತಲ್ಲ. ಎಲ್ಲರೂ ಸಾವಿರ ಸಲ ಕೇಳಿದ್ದರು. ಆದರೆ ಇಷ್ಟು ವರ್ಷ ಜಪದಕ್ಕ ಶುರು ಮಾಡುವುದು, ಉಳಿದವರು ಮುಗಿಸುವುದು ಎಂದು ರೂಢಿಯಾಗಿ, ಬಾಯಿ ತೆರೆದರೆ ಸಾಕು, ನಾಲಿಗೆ ಸೀದಾ ಎರಡನೆಯ ಅರ್ಧಕ್ಕೇ ಜಿಗಿಯುತ್ತಿತ್ತು. ಲಾಂಡ್ರಿಯ ಮಾಲೀಕರು ಪ್ರಯತ್ನಿಸಿದರು, ಹುಟ್ಟಿಗೆ ಕೈಹಾಕದೆ ನೇರ ಸಾವಿಗೇ ಇಳಿದರು. ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಉಪದೇಶಿಗಳು ಶುರು ಮಾಡಬಲ್ಲವರೇ, ಆದರೆ ಅವರು ಮಣಿಗೊಂದು ವಿವರಣೆ ಕೊಡುವವರು. ಅವರ ಜಪಮಾಲೆಗೆ ಕೂತವರಿಗೆ ಗಡ್ಡ ಬೆಳೆಯುತ್ತದೆ, ತೆಗೆಯಲು ಕತ್ತರಿಯಣ್ಣನೂ ಇಲ್ಲ. ಫಾದರನ್ನು ಕೇಳಬಹುದಿತ್ತು.

"ಬೇಡ," ಅಂದರು ಜಪದಕ್ಕ. "ಅವರು ಮತ್ತೆ ನನ್ನನ್ನ ಹೊಗಳ್ತಾರೆ."

"ನಾನು ಹೇಳ್ತೀನಿ," ಅಂದರು ಗಡಿಯಾರದಜ್ಜಿ.

"ನಿಮ್ಮವರು ಹೋಗಿ ಇನ್ನೂ ತಿಂಗಳಾಗಿಲ್ಲ ಅಜ್ಜಿ."

"ಅದಕ್ಕೇ ಕಣೇ. ನನ್ನ ಅಳು ಒಂದು ಸುತ್ತು ಆಗಿದೆ. ನಿಂದು ಶುರುನೇ ಆಗಿಲ್ಲ. ಸರದಿ ನಿಂದು."

ಇಸ್ತ್ರಿಯ ಮೇಜಿನ ಪಕ್ಕದಲ್ಲೇ ಅಭ್ಯಾಸ ನಡೆಯಿತು. ಜಪದಕ್ಕ ಹೊದಿಕೆ ಮಡಿಸುತ್ತ ತಿದ್ದುವುದು, ಅಜ್ಜಿ ಬೆಂಚಿನ ಮೇಲೆ ತಡವರಿಸುವುದು. "ಅವರು ಊರಿನ ಗಡಿಯಾರ ಎಲ್ಲಾ ಸರಿ ಮಾಡಿದ್ರು. ನನಗೆ ಒಂದು ಜಪ ಶುರು ಮಾಡೋಕೆ ಕೀಲಿ ಕೊಡಬೇಕಾಗಿದೆ," ಎಂದು ಅಜ್ಜಿ ಗೊಣಗುತ್ತಿದ್ದರು. "ಉಸಿರು ಎಲ್ಲಿ ತಗೊಳ್ಳೋದೇ?"

"ಮೊದಲರ್ಧ ಆದ ಮೇಲೆ. ಜನ ಹೇಳ್ತಿರ್ತಾರಲ್ಲ, ಆಗ."

"ಅವರು ಸಾಯೋ ಮಾತಾಡುವಾಗ ನಾನು ಉಸಿರಾಡೋದಾ?"

"ಹೂಂ. ಇಷ್ಟು ವರ್ಷ ನಾನು ಅದನ್ನೇ ಮಾಡಿದ್ದು," ಅಂದರು ಜಪದಕ್ಕ. ಅಂದವರೇ ಕೈಯಲ್ಲಿದ್ದ ಹೊದಿಕೆಯ ಮೂಲೆಗಳನ್ನು ಜೋಡಿಸುವುದನ್ನು ಮರೆತು ನಿಂತರು.

ಆ ಸಂಜೆ ಬಂತು. ಕೆಲಸ ಮುಗಿಸಿದವರು ಕೆಲಸದ ಬಟ್ಟೆಯಲ್ಲೇ ಬಂದರು. ಅಂಗಡಿಯನ್ನು ಬಿಟ್ಟುಕೊಟ್ಟ ಮೇಲೆ ಕತ್ತರಿಯಣ್ಣನ ತಿರುಗುವ ಕುರ್ಚಿ ಮನೆಯ ನಡುಕೋಣೆ ಸೇರಿತ್ತು. ಜಾಗವಿಲ್ಲದಿದ್ದರೂ ಅದರಲ್ಲಿ ಯಾರೂ ಕೂರಲಿಲ್ಲ. ಗೋಡೆಯಲ್ಲಿ ಅವರ ಫೋಟೋ, ಅದರ ಕೆಳಗೆ ಮೇಣದಬತ್ತಿ. ಮಗಳು ಬೇಕರಿಯಿಂದ ನೇರ ಬಂದಿದ್ದಳು, ತೋಳಿನ ಮೇಲೆ ಇನ್ನೂ ಹಿಟ್ಟು. ಫಾದರ್ ಬಾಗಿಲ ಬಳಿ, ಕರೆಯದೆ ಬಂದವರ ಸಂಕೋಚದಲ್ಲಿ ನಿಂತರು.

ಎಲ್ಲರೂ ಸುಮ್ಮನಾದರು. ಮತ್ತೆ ಅದೇ ಮೌನ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅವತ್ತೂ ಯಾರೋ ಪುಣ್ಯಾತ್ಮರು ಅಡುಗೆಮನೆಯಿಂದ ಸ್ಟೂಲ್ ತಂದಿಟ್ಟರು. ವಿಷಯ ಎಲ್ಲರಿಗೂ ತಿಳಿದಿತ್ತು, ಆದರೂ ಕಣ್ಣುಗಳು ಒಂದೊಂದಾಗಿ ಜಪದಕ್ಕನ ಕಡೆ ತಿರುಗಿದವು. ಜಪದಕ್ಕನೂ ಎದ್ದರು! ಒಂದು ಹೆಜ್ಜೆ ಇಟ್ಟೂಬಿಟ್ಟರು. ಅಷ್ಟು ಜನ ಸುಮ್ಮನೆ ಕೂತು ಕಾಯುತ್ತಿರುವಾಗ ಕೂತಿರಲು ಆ ದೇಹಕ್ಕೆ ಬರುತ್ತಿರಲಿಲ್ಲ.

ಮಗಳು ಹಿಟ್ಟಿನ ಕೈಯಿಂದ ತಾಯಿಯ ತೋಳು ಹಿಡಿದಳು. "ಅಮ್ಮಾ. ಈ ಕಡೆ."

ಅಷ್ಟರಲ್ಲಿ ಗಡಿಯಾರದಜ್ಜಿ ಜನರ ಕಾಲು ತುಳಿಯುತ್ತ ಬಂದು ಸ್ಟೂಲಿನ ಮೇಲೆ ಧೊಪ್ಪನೆ ಕೂತರು. "ನಡೀರಿ," ಅಂದರು, ಬಸ್ಸಿನ ಕಂಡಕ್ಟರಿನ ಹಾಗೆ. ಆಮೇಲೆ ನಡುಗುವ ಸ್ವರದಲ್ಲಿ ಮೊದಲರ್ಧ ಶುರು ಮಾಡಿದರು.

ಜೊತೆಗೇ ಇನ್ನೊಂದು ಸ್ವರ ಸೇರಿತು. ಜಪದಕ್ಕ ಕೂತಲ್ಲಿಂದಲೇ ಮೊದಲರ್ಧ ಹೇಳುತ್ತಿದ್ದರು, ಅಭ್ಯಾಸ. ಮಗಳು ಚಿವುಟಿದಳು. ಎರಡನೆಯ ಮಣಿಗೂ ಹಾಗೇ ಆಯಿತು, ಇನ್ನೊಮ್ಮೆ ಚಿವುಟಿದಳು. ಮೂರನೆಯದಕ್ಕೆ ಜಪದಕ್ಕ ತುಟಿ ಬಿಗಿಹಿಡಿದುಕೊಂಡು ಕಾದರು. ಅಜ್ಜಿ ತಮ್ಮ ಪಾಲು ಮುಗಿಸಿ ಉಸಿರೆಳೆದುಕೊಂಡರು. ಉಳಿದವರೊಂದಿಗೆ ಜಪದಕ್ಕ ಬಾಯಿ ತೆರೆದರು. ನಮಗಾಗಿ ಬೇಡಿಕೋ ಅನ್ನುವಲ್ಲಿಗೆ ಸ್ವರ ಗಟ್ಟಿಯಾಗಿತ್ತು. ಈಗಲೂ ಅನ್ನುವಲ್ಲಿಗೆ ಇತ್ತು. ಸಾಯುವ ಗಳಿಗೆಗೆ ಬಂದಾಗ ಇರಲಿಲ್ಲ.

ಚಂದದ ಅಳು ಅಲ್ಲ ಅದು. ಫೋಟೋದ ಕೆಳಗೆ ಸೆರಗಿನ ತುದಿಯಿಂದ ಕಣ್ಣೊತ್ತಿಕೊಳ್ಳುವಂಥದ್ದಲ್ಲ. ಮೂಗು ಸುರಿಯಿತು, ಭುಜ ಕುಲುಕಿತು, ಗಂಟಲಿಂದ ಬಾವಿಯ ರಾಟೆಯಂಥ ಸದ್ದು ಹೊರಟಿತು. "ಮಚ್ಚೆ... ಮಚ್ಚೆ ಇತ್ತು ಕಣೇ... ನಾನು ಹೇಳಲಿಲ್ಲ," ಎಂದು ಮಗಳ ಎದೆಗೆ ತಲೆ ಇಟ್ಟು ತೊದಲುತ್ತಿದ್ದರು. ಮಗಳಿಗೆ ಯಾವ ಮಚ್ಚೆ ಎಂದು ಕೇಳುವ ಅಗತ್ಯವಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಆ ಮಚ್ಚೆ ಒತ್ತಿ ಕರೆಗಂಟೆ ಬಾರಿಸಿದವಳು ಅವಳು. "ಗೊತ್ತಮ್ಮ," ಅಂದಳು. "ನನಗೂ ಕಂಡಿತ್ತು. ನಾನೂ ಹೇಳಲಿಲ್ಲ." ಆಮೇಲೆ ಅವಳೂ ಅತ್ತಳು. ಒಂದು ವರ್ಷ ಒಂದೇ ಮನೆಯಲ್ಲಿ ಒಂದೇ ಮಚ್ಚೆಯನ್ನು ಇಬ್ಬರೂ ಬೇರೆ ಬೇರೆ ಬಚ್ಚಿಟ್ಟುಕೊಂಡು ಕೂತಿದ್ದರು.

ಜಪ ನಿಲ್ಲಲಿಲ್ಲ. ಅಜ್ಜಿ ಒಮ್ಮೆ ಇತ್ತ ನೋಡಿ, ಕಣ್ಣು ತಿರುಗಿಸಿ, ಮುಂದಿನ ಮಣಿ ಹಿಡಿದರು. ಜಪದಕ್ಕ ಬಿಟ್ಟದ್ದನ್ನು ಉಳಿದವರು ಹೇಳುತ್ತ ಹೋದರು. ಲಾಂಡ್ರಿಯವರು, ಉಪದೇಶಿಗಳು, ಕಿವಿ ಮಂದದ ಮೇಷ್ಟ್ರು, ಅವತ್ತು ನೊರೆಮುಖದಲ್ಲಿ ಓಡಿದ್ದ ಗಿರಾಕಿ, ಎಲ್ಲರೂ. ಒಬ್ಬರ ಬಾಯಿ ಕಟ್ಟಿದಾಗ ಆ ನಂಬಿಕೆಯ ಮಾತನ್ನು ಇನ್ನೊಬ್ಬರು ಹೊತ್ತು ನಡೆಯಲಿ ಅಂತಲೇ ಜಪವನ್ನು ಹೀಗೆ ಎರಡು ಪಾಲು ಮಾಡಿದರೋ ಏನೋ. ಸಿಸ್ಟರುಗಳು ನಮಗೆ ಹಾಗೆ ಹೇಳಿರಲಿಲ್ಲ, ಅವರು ಹೇಳಿದ್ದು ಬೆನ್ನು ನೆಟ್ಟಗಿಡಿ ಅಂತ. ಅಜ್ಜಿ ಒಂದೊಂದು ಸುತ್ತಿನಲ್ಲಿ ಹತ್ತು ಮಣಿ ಎಂಬ ಲೆಕ್ಕ ತಪ್ಪಿಸಿ ಹತ್ತಾದ ಮೇಲೂ ಹೇಳುತ್ತಲೇ ಹೋದರು. ಯಾರ ಮೊಣಕಾಲಿನಲ್ಲೂ ಶಕ್ತಿ ಉಳಿದಿರಲಿಲ್ಲ. ಆದರೂ ಸಾಕು ಅಂತ ಯಾರೂ ಅನ್ನಲಿಲ್ಲ.

ಮುಗಿದ ಮೇಲೆ ಟೀ ಬಂತು. ಜನ ಒಬ್ಬೊಬ್ಬರಾಗಿ ಎದ್ದರು. ಹೋಗುವವರು ಜಪದಕ್ಕನ ಕೈ ಹಿಡಿದು ಸುಮ್ಮನೆ ನಿಂತು ಹೋಗುತ್ತಿದ್ದರು. ಒಬ್ಬಾಕೆ ಮಾತ್ರ ಏನೋ ಹೇಳಬೇಕೆಂದು, "ಇದು ಕೊನೆ ಅಲ್ಲ ಅಕ್ಕಾ. ಮತ್ತೆ ನೋಡ್ತೀರಿ," ಅಂದರು. ಅವರದೇ ಮಾತು, ಅವರಿಗೇ ವಾಪಸ್ಸು. ಜಪದಕ್ಕ ತಲೆಯಾಡಿಸಿದರು, ಹೊಸದಾಗಿ ಕೇಳಿದವರ ಹಾಗೆ. ಮಗಳು ಒಂದು ಲೋಟ ನೀರು ತಂದುಕೊಟ್ಟಳು. ಕುಡಿದರು.

ಬಾಗಿಲ ಬಳಿ ನಿಂತಿದ್ದ ಫಾದರ್ ಕೊನೆಗೆ ಹತ್ತಿರ ಬಂದು ಅವರ ಮುಂದೆ ನೆಲದ ಮೇಲೇ ಕೂತರು.

"ಅಮ್ಮಾ, ಅವತ್ತು ನಾನು ಹಾಗೆ ಹೇಳಬಾರದಿತ್ತು," ಅಂದರು, ಧ್ವನಿವರ್ಧಕ ಇಲ್ಲದ ಸ್ವರದಲ್ಲಿ.

"ಹೋಗ್ಲಿ ಬಿಡಿ ಫಾದರ್. ನಿಮಗೇನು ಗೊತ್ತಿತ್ತು."

"ಒಂದು ಕೇಳಲಾ?" ಫಾದರ್ ಫೋಟೋದ ಕಡೆ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ನೀವು ನಿಜವಾಗಿ ನಂಬ್ತೀರಿ, ನನಗದು ಗೊತ್ತು. ಆ ದಿನ ಬರತ್ತೆ. ಎಲ್ಲರೂ ಏಳ್ತಾರೆ. ಬೆಳಕು, ತುತ್ತೂರಿ, ಎಲ್ಲಾ. ಅಷ್ಟು ಜನರ ನಡುವೆ ಅವರು ನಿಮಗೆ ಸಿಕ್ತಾರೆ. ಆಗ, ಮೊಟ್ಟಮೊದಲು, ಅವರಿಗೆ ಏನು ಹೇಳ್ತೀರಿ?"

ಮಗಳು ಲೋಟಗಳನ್ನು ಎತ್ತುವುದನ್ನು ನಿಲ್ಲಿಸಿದಳು. ಅಜ್ಜಿ ಸ್ಟೂಲಿನಿಂದ ತಿರುಗಿದರು. ನಾನೂ ಹೊಸ್ತಿಲಲ್ಲಿ ಒಂದು ಚಪ್ಪಲಿ ಹಾಕಿಕೊಂಡು ನಿಂತೆ.

ಜಪದಕ್ಕ ಊದಿಕೊಂಡಿದ್ದ ಕಾಲುಗಳನ್ನು ಮುಂದಕ್ಕೆ ಚಾಚಿದರು.

"ಏನು ಹೇಳ್ತೀನಿ ಫಾದರ್," ಅಂದರು. "'ರೀ, ಸ್ವಲ್ಪ ಆ ಕಡೆ ಸರಕೊಳ್ಳಿ, ನಾನೂ ಕೂತ್ಕೋಬೇಕು' ಅಂತೀನಿ."